ಘಾಟಿಯಲ್ಲಿ ಟೆಂಪರೇಚರ್ ಮುಳ್ಳು ಇಳಿದರೆ ಖುಷಿ ಪಡಬೇಡಿ

ಎರಡು ವರ್ಷದ ಹಿಂದಿನ ಮೇ ಕೊನೆಯ ವಾರ. ರಾಮನಗರದಿಂದ ನನ್ನ ಪಿಕಪ್‌ನಲ್ಲಿ ಬಾಳೆಗೊನೆ ತುಂಬಿಕೊಂಡು ಅನಮೋಡ ಘಾಟಿ ಇಳಿದು ಫೋಂಡಾಕ್ಕೆ ಹೋಗಿದ್ದೆ. ಬರುವಾಗ ಖಾಲಿ ಬರಬಾರದು ಅಂತ ಅಲ್ಲೇ ಮಾತಾಡಿ ಇಟ್ಟಿದ್ದ ಹಳೆ ಪವರ್ ಟಿಲ್ಲರ್ ಒಂದನ್ನು ಎರಡು ಚಕ್ರದ ಸಣ್ಣ ಟ್ರೇಲರ್ ಮೇಲೆ ಕಟ್ಟಿ, ಪಿಕಪ್ ಹಿಂದೆ ಜೋಡಿಸಿದೆ. ಪಿಕಪ್ ಒಳಗೆ ತೆಂಗಿನಕಾಯಿ ಚೀಲ ಬೇರೆ. ಮೊದಲ ಮಳೆಗೆ ಗದ್ದೆ ಹದ ಮಾಡಬೇಕು, ಅದಕ್ಕೆ ಟಿಲ್ಲರ್ ಬೇಕು ಅನ್ನೋ ಅವಸರ.

ಮೋಲೆಂ ದಾಟಿ ಏರು ಶುರುವಾಯಿತು. ಮುಂದೆ ಲಾರಿಗಳ ಸಾಲು, ಮೇಲೆ ಮಧ್ಯಾಹ್ನದ ಬಿಸಿಲು. ಅರ್ಧ ಘಾಟಿ ಹತ್ತುವಷ್ಟರಲ್ಲಿ ಟೆಂಪರೇಚರ್ ಮುಳ್ಳು ನಡುಗೆರೆ ದಾಟಿ ಮೇಲೆ ಹೋಯಿತು. "ಇನ್ನೊಂದು ತಿರುವು, ಆಮೇಲೆ ನಿಲ್ಲಿಸೋಣ" ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿದ್ದ ಮಗ, "ಅಪ್ಪಾ, ಮುಳ್ಳ ಕೆಳಗ ಬಂತು, ತಣ್ಣಗಾತು" ಅಂದ. ನನಗೂ ಸಮಾಧಾನವಾಯಿತು. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಎಂಜಿನ್ ಎಳೆಯೋದು ಬಿಟ್ಟಿತು, ಬಾನೆಟ್ ಸಂದಿಯಿಂದ ಹಬೆ ಬಂತು.

ಮರುದಿನ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ ಕೇಳಿದ್ದು ಒಂದೇ ಮಾತು: "ಮುಳ್ಳ ಇಳೀತಲ್ಲಾ, ಆಗ ಗಾಡಿ ತಣ್ಣಗಾತು ಅಂತ ತಿಳಕೊಂಡ್ರೇನ್ರಿ ಅಣ್ಣಾ? ನೀರ ಖಾಲಿ ಆಗಿತ್ರಿ."

ಮುಳ್ಳು ಯಾಕೆ ಸುಳ್ಳು ಹೇಳಿತು?

ಟೆಂಪರೇಚರ್ ಸೆನ್ಸರ್ ಅಳೆಯೋದು ಕೂಲೆಂಟ್ ನೀರಿನ ಬಿಸಿಯನ್ನು. ಹೋಸ್ ಒಡೆದು ನೀರು ಹೊರಗೆ ಹೋದರೆ ಸೆನ್ಸರ್ ಸುತ್ತ ಉಳಿಯೋದು ಗಾಳಿ, ಹಬೆ ಮಾತ್ರ. ಆಗ ಎಂಜಿನ್ ಕುದಿಯುತ್ತಿದ್ದರೂ ಮುಳ್ಳು ಕೆಳಗೆ ಬರಬಹುದು. ಏರಿನಲ್ಲಿ ಭಾರ ಎಳೆಯುವಾಗ ಮೇಲೆ ಹೋದ ಮುಳ್ಳು, ನೀವು ಕಾಲು ಸಡಿಲಿಸದೆ ತಾನಾಗಿಯೇ ದಿಢೀರನೆ ಇಳಿದರೆ ತಕ್ಷಣ ಬದಿಗೆ ಹಾಕಿ ಎಂಜಿನ್ ನಿಲ್ಲಿಸಿ.

ಇನ್ನೊಂದು ವಿಷಯ. ಈಗಿನ ಎಷ್ಟೋ ಗಾಡಿಗಳಲ್ಲಿ ನೀರಿನ ಬಿಸಿ ಸ್ವಲ್ಪ ಏರಿಳಿದರೂ ಮುಳ್ಳು ನಡುವೆಯೇ ನಿಂತಿರುವಂತೆ ಮಾಡಿರುತ್ತಾರೆ. ಅದು ನಡುಗೆರೆ ಬಿಟ್ಟು ಅಲುಗಾಡಿತು ಅಂದರೆ ಆಗಲೇ ತಡವಾಗಿದೆ ಅಂತ ಅರ್ಥ. "ಇನ್ನೂ ಕೆಂಪಿಗೆ ಬಂದಿಲ್ಲ" ಅಂತ ಕಾಯಬೇಡಿ.

ಟರ್ಬೊ ಗಾಡಿಗೆ ಹೆಚ್ಚು ಕಾಳಜಿ ಯಾಕೆ

ಟರ್ಬೊ ತಿರುಗೋದು ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆಯಿಂದ. ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ. ಭಾರ ಎಳೆಯುವಾಗ ಆ ಹೊಗೆಯ ಬಿಸಿ 600-700 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಆ ಬೇರಿಂಗನ್ನು ಕಾಯುವುದು ಎಂಜಿನ್ ಆಯಿಲ್. ಘಾಟಿ ಹತ್ತಿ ಬಂದು ಚಹಾದಂಗಡಿ ಮುಂದೆ ಟಕ್ ಅಂತ ಕೀ ತಿರುಗಿಸಿದರೆ ಆಯಿಲ್ ಹರಿವು ನಿಂತು, ಒಳಗೆ ಉಳಿದ ಆಯಿಲ್ ಕರಕಲಾಗುತ್ತದೆ. ಎರಡು-ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಬಂದ್ ಮಾಡಿ. ಬೆಳಿಗ್ಗೆ ಚಾಲು ಮಾಡಿದ ಕೂಡಲೇ ರೇಸ್ ಮಾಡೋದೂ ಬೇಡ.

ನಮ್ಮ ಪಿಕಪ್‌ಗಳಲ್ಲಿ ಬೂಸ್ಟ್ ಗೇಜ್, ಹೊಗೆಯ ಬಿಸಿ ತೋರಿಸುವ ಗೇಜ್ ಸಾಮಾನ್ಯವಾಗಿ ಇರೋದಿಲ್ಲ. ಪದೇ ಪದೇ ಘಾಟಿ ಹತ್ತುವವರು ಹೊರಗಿನಿಂದ ಹಾಕಿಸಿಕೊಳ್ಳಬಹುದು. ಟರ್ಬೊಗೆ ಮುಂಚೆ ಅಳೆದ ಬಿಸಿ 700 ಡಿಗ್ರಿ ಹತ್ತಿರ ಬಂದರೆ ಕಾಲು ಸಡಿಲಿಸಿ, ಗೇರ್ ಇಳಿಸಬೇಕು. ಗೇಜ್ ಇಲ್ಲದವರಿಗೆ ಹೊಗೆಯೇ ಗೇಜ್:

- ಕಪ್ಪು ಹೊಗೆ, ಜೊತೆಗೆ ಎಳೆತ ಕಮ್ಮಿ: ಗಾಳಿ ಸಾಲುತ್ತಿಲ್ಲ. ಏರ್ ಫಿಲ್ಟರ್ ಕಟ್ಟಿರಬಹುದು, ಟರ್ಬೊ ಹೋಸ್ ಬಿಟ್ಟಿರಬಹುದು.
- ನೀಲಿ ಹೊಗೆ: ಆಯಿಲ್ ಸುಡುತ್ತಿದೆ. ಟರ್ಬೊ ಸೀಲ್ ನೋಡಿಸಿ.
- ಬಿಸಿ ಎಂಜಿನ್‌ನಲ್ಲಿ ನಿಲ್ಲದ ಬಿಳಿ ಹೊಗೆ, ಸಿಹಿ ವಾಸನೆ: ಕೂಲೆಂಟ್ ಒಳಗೆ ಹೋಗುತ್ತಿದೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಯಾವುದಕ್ಕೆ ಏನು ಮಾಡಬೇಕು

ಇಲ್ಲಿಯೇ ನಮ್ಮವರು ಹೆಚ್ಚು ತಪ್ಪುವುದು.

ಮುಳ್ಳು ನಿಧಾನ ಏರುತ್ತಿದೆ, ನೀರು ಸೋರುತ್ತಿಲ್ಲ ಅಂದರೆ ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ತೆರೆಯಿರಿ, ಬದಿಗೆ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲಿ. ನೀರು, ಫ್ಯಾನ್ ಎರಡೂ ತಿರುಗುತ್ತಾ ಬಿಸಿ ಇಳಿಯುತ್ತದೆ.

ನೀರು ಸೋರುತ್ತಿದೆ ಅಥವಾ ಮುಳ್ಳು ದಿಢೀರ್ ಇಳಿದಿದೆ ಅಂದರೆ ಎಂಜಿನ್ ಬಂದ್. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಒಣಗಿದ ಬಿಸಿ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುತ್ತದೆ. ಕೈ ಇಟ್ಟರೆ ತಾಳುವಷ್ಟು ಆರುವ ತನಕ ಕಾಯಿರಿ.

ಆಯಿಲ್ ಲೈಟ್ ಹತ್ತಿತು ಅಂದರೆ ಐಡಲ್ ಗಿಡಲ್ ಏನೂ ಇಲ್ಲ, ಆ ಕ್ಷಣವೇ ಬಂದ್. ಆ ಲೈಟ್ ಹತ್ತೋದೇ ಆಯಿಲ್ ಒತ್ತಡ ತೀರಾ ಕುಸಿದ ಮೇಲೆ.

ಹೊರಡುವ ಮುಂಚೆ, ದಾರಿಯಲ್ಲಿ

ರೇಡಿಯೇಟರ್ ಜಾಲಿ ನೋಡಿ. ನಮ್ಮ ಕೆಂಪು ಧೂಳು, ಭತ್ತದ ಹೊಟ್ಟು, ಕಬ್ಬಿನ ರವದಿ ಚೂರು ಕೂತರೆ ಗಾಳಿ ದಾಟೋದಿಲ್ಲ. ಎಂಜಿನ್ ಕಡೆಯಿಂದ ಹೊರಗೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಹೋಸ್ ಹಿಸುಕಿ ನೋಡಿ: ಬಿರುಕು ಇದ್ದರೆ, ಮೆತ್ತಗಾಗಿದ್ದರೆ ಬದಲಿಸಿ. ಬಾವಿ ನೀರು ಮಾತ್ರ ಹಾಕುತ್ತಾ ಹೋದರೆ ಒಳಗೆ ತುಕ್ಕು, ಗಸಿ ಕಟ್ಟುತ್ತದೆ. ಕಂಪನಿ ಹೇಳಿದ ಕೂಲೆಂಟ್ ಹೇಳಿದ ಪ್ರಮಾಣದಲ್ಲೇ ಹಾಕಿ.

ಏರಿನಲ್ಲಿ ಮೇಲಿನ ಗೇರಿನಲ್ಲಿ ಗುರ್ ಗುರ್ ಅಂತ ಎಳೆಸಬೇಡಿ. ಒಂದು ಗೇರ್ ಇಳಿಸಿ. ಪಂಪು, ಫ್ಯಾನು, ಟರ್ಬೊ ಎಲ್ಲಾ ಸರಿಯಾಗಿ ತಿರುಗಲಿ. ಇಳಿಯುವಾಗಲೂ ಕೆಳಗಿನ ಗೇರಿನಲ್ಲೇ ಇಳಿಯಿರಿ, ಇಲ್ಲದಿದ್ದರೆ ಬ್ರೇಕ್ ಸುಟ್ಟು ಹಿಡಿತ ತಪ್ಪುತ್ತದೆ. ಟ್ರೇಲರ್ ಎಳೆಯಲು ನಿಮ್ಮ ಗಾಡಿಗೆ ಅನುಮತಿ ಇದೆಯೇ, ಎಷ್ಟು ಭಾರಕ್ಕೆ ಅಂತ ಮೊದಲೇ ಕೇಳಿಕೊಳ್ಳಿ. ನಾನು ಕೇಳಿರಲಿಲ್ಲ. ತೆಂಗಿನಕಾಯಿ ಚೀಲ ಒಂದು ದಿನ ಬಿಟ್ಟು ಬಂದಿದ್ದರೂ ಆಗುತ್ತಿತ್ತು.

ಹಳಿಯಾಳ, ಮುಂಡಗೋಡ ಕಡೆ ಟ್ರ್ಯಾಕ್ಟರ್‌ಗೆ ಕಬ್ಬಿನ ಟ್ರೇಲರ್ ಕಟ್ಟುವವರಿಗೂ ಇದೇ ಮಾತು. ಹತ್ತು ನಿಮಿಷಕ್ಕೊಮ್ಮೆ ಗೇಜ್ ನೋಡಿದರೆ ಸಾಲದು, ಏರಿನಲ್ಲಿ ಪ್ರತಿ ತಿರುವಿಗೊಮ್ಮೆ ನೋಡಬೇಕು.

ನನಗೆ ಹೆಡ್ ಕೆಲಸಕ್ಕೆ ₹42,000 ಹೋಯಿತು. ಗಾಡಿ ಹನ್ನೊಂದು ದಿನ ಗ್ಯಾರೇಜಿನಲ್ಲಿ, ಟಿಲ್ಲರ್ ಘಾಟಿ ಬದಿಯ ಪರಿಚಯದವರ ಅಂಗಳದಲ್ಲಿ. ಅಷ್ಟರಲ್ಲಿ ಮಳೆ ಬಂದು ಗದ್ದೆಯ ಹದ ತಪ್ಪಿತು. ಈಗ ಏರಿನಲ್ಲಿ ಮುಳ್ಳು ನೋಡುವ ಕೆಲಸ ಮಗನದ್ದೇ. ಏರಿದರೂ ಹೇಳುತ್ತಾನೆ, ಇಳಿದರೂ ಹೇಳುತ್ತಾನೆ.