ಜನಪ್ರಿಯ ಚಿತ್ರಗಳಿಗೆ ರಿಯಾಯಿತಿ ಬೇಕೆ?

ಭಾರಿ ಯಶಸ್ಸು ಗಳಿಸಿದ ಚಲನಚಿತ್ರವೊಂದರ ಕೊರತೆಯನ್ನು ಯಾರಾದರೂ ಎತ್ತಿ ಹೇಳಿದರೆ, ‘ಇದು ಸಾಮಾನ್ಯ ಜನರ ಚಿತ್ರ; ಇಲ್ಲಿ ಗುಣದೋಷ ಎಣಿಸಬಾರದು’ ಎಂಬ ಉತ್ತರ ಕೂಡಲೇ ಬರುತ್ತದೆ. ಮೇಲ್ನೋಟಕ್ಕೆ ಉದಾರವೆನಿಸುವ ಈ ಮಾತು ವಾಸ್ತವವಾಗಿ ಸಾಮಾನ್ಯ ಜನರನ್ನೇ ಹಗುರಾಗಿ ಕಾಣುವ ಮಾತು. ಹೆಚ್ಚು ಜನ ಸೇರಿದಲ್ಲಿ ವಿವೇಕ ಕಡಿಮೆಯಿರುತ್ತದೆ ಎಂಬ ಭಾವನೆ ಅದರಲ್ಲಿ ಅಡಗಿದೆ.

ನಮ್ಮ ಮಾಕಳಿದುರ್ಗಕ್ಕೆ ಸಮೀಪದ ದೊಡ್ಡಬಳ್ಳಾಪುರ ನೇಕಾರಿಕೆಗೆ ಹೆಸರಾದ ಊರು. ನಿತ್ಯ ಉಡುವ ಸೀರೆಯಲ್ಲಿ ಜರಿಯಿಲ್ಲವೆಂದು ಯಾವ ಗೃಹಿಣಿಯೂ ದೂರುವುದಿಲ್ಲ. ಆದರೆ ಎಳೆ ಬಿಟ್ಟುಕೊಂಡರೆ, ಬಣ್ಣ ಹೋದರೆ ಸುಮ್ಮನಿರುವುದಿಲ್ಲ. ಚಲನಚಿತ್ರದ ವಿಷಯದಲ್ಲಿಯೂ ಈ ನ್ಯಾಯವೇ ಸಲ್ಲಬೇಕು. ೧೯೭೦ರ ಸಾಲಿನ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಮನ್ನಣೆ ಪಡೆದ ‘ಸಂಸ್ಕಾರ’ದ ಗಾಂಭೀರ್ಯವನ್ನು ಹಾಡು ಹೊಡೆದಾಟಗಳ ಚಿತ್ರದಲ್ಲಿ ಅಪೇಕ್ಷಿಸುವುದು ಸರಿಯಲ್ಲ. ಹಾಗೆಂದು ಅದರಲ್ಲಿ ಏನಿದ್ದರೂ ನಡೆದೀತು ಎನ್ನುವುದೂ ಸರಿಯಲ್ಲ.

ನಮ್ಮ ಚಿತ್ರರಂಗದ ಇತಿಹಾಸವೇ ಇದಕ್ಕೆ ಸಾಕ್ಷಿ. ಎಚ್.ಎಲ್.ಎನ್. ಸಿಂಹ ಅವರು ೧೯೫೪ರಲ್ಲಿ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ ರಾಜಕುಮಾರ್ ಅವರು ನಾಯಕರಾಗಿ ನಟಿಸಿದ ಮೊದಲ ಚಿತ್ರ. ಮುಗ್ಧ ಶಿವಭಕ್ತನ ಆ ಕಥೆಯನ್ನು ಜನರೂ ಮೆಚ್ಚಿದರು, ರಾಷ್ಟ್ರಮಟ್ಟದ ಪ್ರಶಸ್ತಿಪತ್ರವೂ ದೊರೆಯಿತು. ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ‘ಬಂಗಾರದ ಮನುಷ್ಯ’ ತೆರೆಕಂಡದ್ದು ೧೯೭೨ರಲ್ಲಿ. ಬೆಂಗಳೂರಿನಲ್ಲಿ ಅದು ಸುಮಾರು ಎರಡು ವರ್ಷ ನಡೆಯಿತು. ವಿಧವೆಯಾದ ಅಕ್ಕನ ಸಂಸಾರಕ್ಕೆ ಹೆಗಲು ಕೊಟ್ಟು, ಬಂಡೆಗಳ ಭೂಮಿಯಲ್ಲಿ ಬೆಳೆ ತೆಗೆದ ರಾಜೀವ, ಕೊನೆಗೆ ಅಪವಾದ ಬಂದಾಗ ಮೌನವಾಗಿ ಮನೆ ಬಿಟ್ಟು ನಡೆಯುತ್ತಾನೆ. ಅದನ್ನು ನೋಡಿ ಓದಿದ ಯುವಕರು ಹಳ್ಳಿಗೆ, ಬೇಸಾಯಕ್ಕೆ ಮರಳಿದರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಈ ಎರಡೂ ಚಿತ್ರಗಳನ್ನು ಮೆಚ್ಚಲು ಪ್ರೇಕ್ಷಕರು ತಮ್ಮ ಅಭಿರುಚಿಯನ್ನು ತಗ್ಗಿಸಿಕೊಳ್ಳಬೇಕಾಗಲಿಲ್ಲ.

ಇತ್ತೀಚಿನ ಚಿತ್ರಗಳನ್ನೂ ಇದೇ ದೃಷ್ಟಿಯಿಂದ ನೋಡಬಹುದು. ೨೦೧೮ ಮತ್ತು ೨೦೨೨ರಲ್ಲಿ ಎರಡು ಭಾಗಗಳಾಗಿ ಬಂದ ‘ಕೆ.ಜಿ.ಎಫ್.’ ಕನ್ನಡ ಚಿತ್ರವನ್ನು ದೇಶದಾದ್ಯಂತ ಕೊಂಡೊಯ್ದಿತು. ಅದರ ಛಾಯಾಗ್ರಹಣ, ಸಾಹಸ, ವೈಭವ ಶ್ಲಾಘನೀಯ. ಆದರೆ ಸಾಯುವ ಮುನ್ನ ಸಿರಿವಂತನಾಗಬೇಕೆಂದು ತಾಯಿ ಪಡೆದ ಮಾತಿಗಾಗಿ ಮಗ ಹರಿಸುವ ರಕ್ತಕ್ಕೆ ಚಪ್ಪಾಳೆ ತಟ್ಟುವಾಗ ನಾವು ಯಾವುದನ್ನು ಮೆಚ್ಚುತ್ತಿದ್ದೇವೆ ಎಂಬ ಪ್ರಶ್ನೆ ಉಳಿಯುತ್ತದೆ. ೨೦೨೨ರ ‘ಕಾಂತಾರ’ ಕಾಡು, ಭೂಮಿ, ದೈವಗಳ ಸಂಬಂಧವನ್ನು ಮನಮುಟ್ಟುವಂತೆ ತೋರಿಸಿತು. ಆರೋಗ್ಯಕರ ಮನರಂಜನೆಯ ಜನಪ್ರಿಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು. ಆದರೂ ನಾಯಕ ನಾಯಕಿಯ ಸೊಂಟ ಚಿವುಟುವ ದೃಶ್ಯವನ್ನು ಹಲವರು ಆಕ್ಷೇಪಿಸಿದರು. ಆ ಆಕ್ಷೇಪದಿಂದ ಚಿತ್ರದ ಹಿರಿಮೆಯೇನೂ ಕುಂದಲಿಲ್ಲ. ಮೆಚ್ಚುಗೆ, ವಿಮರ್ಶೆಗಳೆರಡೂ ಒಂದೇ ಮನಸ್ಸಿನಲ್ಲಿ ಇರಬಲ್ಲವು. ಜನಪ್ರಿಯತೆ ಮತ್ತು ಆರೋಗ್ಯ ಜೊತೆಯಾಗಿರಬೇಕೆಂಬುದನ್ನು ಆ ಪ್ರಶಸ್ತಿಯ ಹೆಸರೇ ಸಾರುತ್ತದೆ.

ಹಿಂದೆ ಹಳ್ಳಿಯವರು ಟೂರಿಂಗ್ ಟಾಕೀಸಿಗೆ ಮನೆಮಂದಿಯೊಡನೆ ಹೋಗಿ, ದಾರಿಯುದ್ದಕ್ಕೂ ಕಥೆಯ ನ್ಯಾಯಾನ್ಯಾಯಗಳನ್ನು ಚರ್ಚಿಸುತ್ತ ಮರಳುತ್ತಿದ್ದರು. ಇಂದು ಮಕ್ಕಳು ಮೊಬೈಲಿನಲ್ಲಿ ಒಬ್ಬರೇ ನೋಡುತ್ತಾರೆ; ಚರ್ಚೆಗೆ ಅವಕಾಶವೇ ಇಲ್ಲ. ‘ಸಿನಿಮಾ ತಾನೇ, ಬಿಡು’ ಎಂದು ಹಿರಿಯರೇ ಅಂದರೆ, ಮುಂದೆ ಬದುಕಿನಲ್ಲಿಯೂ ಪ್ರಶ್ನಿಸದಿರುವುದನ್ನು ಮಕ್ಕಳು ಕಲಿತಾರು.

ಆದುದರಿಂದ ತಂದೆತಾಯಂದಿರು ಚಿತ್ರವನ್ನು ನಿಷೇಧಿಸುವುದಕ್ಕಿಂತ ಮಕ್ಕಳೊಡನೆ ಕುಳಿತು ನೋಡುವುದು ಲೇಸು. ಕಥೆ ನಂಬುವಂತಿತ್ತೆ? ಸ್ತ್ರೀಯರಿಗೆ ಗೌರವ ಸಂದಿತೆ? ನಾಯಕನ ನಡತೆಯನ್ನು ನಮ್ಮ ಮನೆಯ ಮಗನಲ್ಲಿ ನಾವು ಒಪ್ಪುವೆವೆ? ಇಷ್ಟನ್ನು ಕೇಳಿದರೆ ಸಾಕು. ಇಷ್ಟಕ್ಕೆ ಉತ್ತರಿಸಬಲ್ಲ ಚಿತ್ರಕ್ಕೆ ರಿಯಾಯಿತಿಯ ಅಗತ್ಯವಿಲ್ಲ. ಉತ್ತರಿಸಲಾರದ ಚಿತ್ರಕ್ಕೆ ಅದು ಸಲ್ಲುವುದೂ ಇಲ್ಲ.