ಅತಿಥಿ ಬಂದ, ಬಾಡಿಗೆದಾರ ಹೊರಟ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವನ ಪಾಡು ಹೊಸ ಕತೆಯೇನಲ್ಲ. ಅಡ್ವಾನ್ಸ್ ಎಷ್ಟು, ಮನೆಯಲ್ಲಿ ಎಷ್ಟು ಜನ, ಕೆಲಸ ಎಲ್ಲಿ, ತಿನ್ನುವುದೇನು ಎಂಬ ಪ್ರಶ್ನೆಗಳಲ್ಲೆಲ್ಲ ಪಾಸಾದವನಿಗೇ ಬೀಗದಕೈ. ಈಗ ಹೆಬ್ಬಾಳ, ಯಲಹಂಕ, ಆರ್.ಟಿ. ನಗರದ ಕಡೆ ಅವನಿಗೊಬ್ಬ ಹೊಸ ಪೈಪೋಟಿದಾರ ಬಂದಿದ್ದಾನೆ. ಈತ ಅಡ್ವಾನ್ಸ್ ಕೊಡುವುದಿಲ್ಲ, ಕರಾರುಪತ್ರಕ್ಕೆ ಸಹಿ ಹಾಕುವುದಿಲ್ಲ, ಹಾಲು ಉಕ್ಕಿಸುವುದಿಲ್ಲ. ಮೊಬೈಲಿನಲ್ಲಿ ಹಣ ಕಟ್ಟಿ, ಎರಡು ರಾತ್ರಿ ಮಲಗಿ, ವಿಮಾನ ಹತ್ತಿ ಹೋಗುತ್ತಾನೆ. ಈತನೇ ಅತಿಥಿ.

ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಮನೆಗಳನ್ನು ದಿನದ ಲೆಕ್ಕದಲ್ಲಿ ಕೊಡಿಸುವ ಏರ್‌ಬಿಎನ್‌ಬಿ ಕಂಪನಿ ಅಮೆರಿಕದಲ್ಲಿ ಹುಟ್ಟಿದ್ದೂ ಅದೇ ವರ್ಷ. ಎರಡೂ ಬೆಳೆದು ಬಳ್ಳಾರಿ ರಸ್ತೆಯಲ್ಲಿ ಕೈ ಕುಲುಕಿವೆ. ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾಕ್ಕೆ ಬರುವವರು, ಮಾನ್ಯತಾ ಟೆಕ್ ಪಾರ್ಕಿನ ಕೆಲಸಕ್ಕೆ ಬರುವವರು, ಹೆಬ್ಬಾಳದ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ವಾರಗಟ್ಟಲೆ ಕಾಯುವ ಬಂಧುಗಳು - ಇವರಿಗೆಲ್ಲ ಹೋಟೆಲಿಗಿಂತ ಅಡುಗೆಮನೆ ಇರುವ ಫ್ಲಾಟೇ ಅನುಕೂಲ. ಅದನ್ನು ತಪ್ಪೆನ್ನಲಾಗದು.

ಮಾಲೀಕರ ಲೆಕ್ಕವೂ ಸರಳ. ಎರಡು ಕೋಣೆಯ ಮನೆಗೆ ತಿಂಗಳಿಗೆ 25 ಸಾವಿರ ಬಾಡಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಅದನ್ನೇ ದಿನಕ್ಕೆ 2,500ರಂತೆ 16 ದಿನ ಕೊಟ್ಟರೆ 40 ಸಾವಿರ. ಗುಡಿಸಿ ಒರೆಸುವವರ ಸಂಬಳ, ಕರೆಂಟು, ಕಮಿಷನ್ ಎಂದು 10 ಸಾವಿರ ಕಳೆದರೂ 30 ಸಾವಿರ ಉಳಿಯಿತು. ಅದಕ್ಕಿಂತ ದೊಡ್ಡ ಲಾಭ ನೆಮ್ಮದಿ. ಬಾಡಿಗೆದಾರ ಮನೆ ಬಿಡಲೊಲ್ಲ ಎಂದು ಕೋರ್ಟಿಗೆ ಅಲೆಯುವ ಭಯವಿಲ್ಲ.

ಬಾಡಿಗೆ ಏರಿದ್ದಕ್ಕೆ ಇದೊಂದೇ ಕಾರಣವಲ್ಲ, ನಿಜ. ಕೋವಿಡ್ ಇಳಿದು ಐಟಿ ನೌಕರರು 2022ರಲ್ಲಿ ಊರಿಗೆ ಮರಳಿದ್ದೂ ದೊಡ್ಡ ಕಾರಣ. ಆದರೆ ಮನೆಗಳೇ ಸಾಲದಿರುವಾಗ ಅತಿಥಿಗೆ ಹೋದ ಒಂದೊಂದು ಮನೆಯೂ, ಇಲ್ಲೇ ಮಕ್ಕಳನ್ನು ಶಾಲೆಗೆ ಸೇರಿಸಿದ ಸಂಸಾರವೊಂದನ್ನು ದೊಡ್ಡಬಳ್ಳಾಪುರದ ದಿಕ್ಕಿಗೆ ಇನ್ನಷ್ಟು ತಳ್ಳುತ್ತದೆ.

ಕಾನೂನು ಎಲ್ಲಿದೆ? 2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ, ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಇಂದು ಆ ಮೊತ್ತಕ್ಕೆ ಹೆಬ್ಬಾಳದಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. ಪಿ.ಜಿ.ಗಳಿಗೆ ತಲಾ 70 ಚದರ ಅಡಿ ಜಾಗ, ಸಿಸಿಟಿವಿ ಎಂದು ಬಿಬಿಎಂಪಿ 2024ರಲ್ಲಿ ಮಾರ್ಗಸೂಚಿ ಹೊರಡಿಸಿತು. ದಿನದ ಬಾಡಿಗೆಯ ಫ್ಲಾಟು ಮಾತ್ರ ಅತ್ತ ಮನೆಯೂ ಅಲ್ಲ, ಇತ್ತ ಹೋಟೆಲೂ ಅಲ್ಲ.

1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ, ಮನೆ ಖಾಲಿಯಾದರೆ ಮಾಲೀಕರು ಕಂಟ್ರೋಲರಿಗೆ ತಿಳಿಸಬೇಕಿತ್ತು. ಯಾರಿಗೆ ಕೊಡಬೇಕೆಂದು ಅವರೇ ಆದೇಶಿಸಬಹುದಿತ್ತು. ಆ ಬಿಗಿಗೆ ಹೆದರಿ, ಬೀಗ ಹಾಕಿಟ್ಟರೂ ಸರಿ, ಬಾಡಿಗೆಗೆ ಮಾತ್ರ ಬೇಡ ಎಂದವರೂ ಇದ್ದರು. ಆ ಕಾಲದ ಬಿಗಿ ಬೇಡ. ಯಾವ ಮನೆ ಏನಾಗಿದೆ ಎಂಬ ಅರಿವಾದರೂ ಬೇಕಲ್ಲ?

ಹೊರದೇಶಗಳು ಒಂದೊಂದು ದಾರಿ ಹಿಡಿದಿವೆ. ಲಂಡನ್‌ನಲ್ಲಿ ಇಡೀ ಮನೆಯನ್ನು ಹೀಗೆ ಕೊಡಲು ವರ್ಷಕ್ಕೆ 90 ರಾತ್ರಿಗಳ ಮಿತಿಯಿದೆ. ನ್ಯೂಯಾರ್ಕ್ 2023ರ ಸೆಪ್ಟೆಂಬರಿನಿಂದ, 30 ದಿನಕ್ಕಿಂತ ಕಡಿಮೆ ಕೊಡುವವರು ನೋಂದಣಿ ಮಾಡಿಸಬೇಕು, ಅತಿಥಿಯ ಜೊತೆ ಅದೇ ಮನೆಯಲ್ಲಿರಬೇಕು ಎಂದಿದೆ. 2028ರೊಳಗೆ ಪ್ರವಾಸಿ ಫ್ಲಾಟುಗಳ ಪರವಾನಗಿಯನ್ನೇ ನಿಲ್ಲಿಸುವುದಾಗಿ ಬಾರ್ಸಿಲೋನಾದ ಮೇಯರ್ 2024ರಲ್ಲಿ ಘೋಷಿಸಿದರು.

ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯಲ್ಲೇ ಸೂತ್ರವಿದೆ: ಹೆಚ್ಚೆಂದರೆ ಆರು ಕೋಣೆ, ಮಾಲೀಕರ ವಾಸವೂ ಅಲ್ಲೇ. ತಾವಿರುವ ಮನೆಯಲ್ಲೊಂದು ಕೋಣೆಯನ್ನು ಅತಿಥಿಗೆ ಕೊಡುವ ನಿವೃತ್ತ ದಂಪತಿಯಿಂದ ಯಾವ ಬಾಡಿಗೆದಾರನೂ ಬೀದಿಗೆ ಬೀಳುವುದಿಲ್ಲ. ಅವರನ್ನು ನೋಂದಾಯಿಸಿ ಸುಮ್ಮನೆ ಬಿಡಬಹುದು. ಹತ್ತಾರು ಫ್ಲಾಟು ಹಿಡಿದು ದಿನದ ಲೆಕ್ಕದಲ್ಲಿ ಕೊಡುವವರದು ವ್ಯಾಪಾರ. ಅವರಿಗೆ ವ್ಯಾಪಾರದ ಪರವಾನಗಿ, ವ್ಯಾಪಾರದ ತೆರಿಗೆ, ರಾತ್ರಿಗಳ ಮಿತಿ ಇರಲಿ. ನೋಂದಣಿ ಸಂಖ್ಯೆಯಿಲ್ಲದ ಮನೆಯನ್ನು ಕಂಪನಿಗಳು ತೋರಿಸಬಾರದು.

ಇದರ ಜೊತೆಗೆ ಮಾಲೀಕರ ಭಯಕ್ಕೂ ಮದ್ದು ಬೇಕು. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಮನೆಯ ಅಡ್ವಾನ್ಸನ್ನು ಎರಡು ತಿಂಗಳ ಬಾಡಿಗೆಗೆ ಇಳಿಸಿ, ತಕರಾರಿಗೆ ಪ್ರತ್ಯೇಕ ಬಾಡಿಗೆ ನ್ಯಾಯಾಲಯವನ್ನು ಸೂಚಿಸುತ್ತದೆ. ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಅಭ್ಯಾಸವಾದ ಊರಿನಲ್ಲಿ ಬಾಡಿಗೆದಾರ ನಿಟ್ಟುಸಿರು ಬಿಟ್ಟಾನು. ತೀರ್ಪು ಬೇಗ ಸಿಕ್ಕರೆ ಮಾಲೀಕರೂ ತಿಂಗಳ ಬಾಡಿಗೆಯನ್ನು ನಂಬಿಯಾರು.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಹೆಬ್ಬಾಳ, ಯಲಹಂಕಗಳು ಈಗ ಬೆಂಗಳೂರು ಉತ್ತರ ಪಾಲಿಕೆಯ ಮಡಿಲಲ್ಲಿವೆ. ಹೊಸ ಪಾಲಿಕೆ ಈ ಮನೆಗಳ ಎಣಿಕೆಯಿಂದ ಕೆಲಸ ಆರಂಭಿಸಲಿ.