ಕುಲುಮೆಯ ಅರಿವು ಮತ್ತು ಆಯುಧದ ಕಾಯಿದೆ

ಕಲಬುರಗಿ ಕೋಟೆಯ ಬಾರಾಗಜಿ ತೋಪು ಸುಮಾರು 29 ಅಡಿ ಉದ್ದವಿದೆ. ದಖ್ಖನಿನಲ್ಲಿ ತೋಪುಗಳನ್ನು ಎರಡು ಕ್ರಮದಲ್ಲಿ ಮಾಡುತ್ತಿದ್ದರು. ಒಂದು ಎರಕ, ವಿಜಯಪುರದ ಮಲಿಕ್-ಎ-ಮೈದಾನ್ 1549ರಲ್ಲಿ ಎರಕ ಹೊಯ್ದ ಕಂಚಿನ ತೋಪು. ಇನ್ನೊಂದು ಬೆಸುಗೆ, ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಕಾಯಿಸಿದ ಬಳೆಗಳನ್ನು ಒಂದರ ಮಗ್ಗುಲಿಗೊಂದು ತೊಡಿಸಿ ಬಿಗಿಯುವುದು. ಬೀದರ ಕೋಟೆಯಲ್ಲಿ ಇಂಥವು ಉಳಿದಿವೆ.

ಕಲಬುರಗಿಯಿಂದ ಹುಮನಾಬಾದ ಮಾರ್ಗವಾಗಿ ಬೀದರಿಗೆ ಹೋಗುವ ದಾರಿಯಲ್ಲಿ ಕಮಲಾಪುರವಿದೆ. ಇಂಥ ಊರುಗಳ ಕಮ್ಮಾರನ ಕಸುಬು ಒಕ್ಕಲುತನಕ್ಕೆ ಸೇರಿದ್ದು: ಕುಡಗೋಲು, ಕೊಡಲಿ, ಕುಂಟೆಯ ಕುಡ. ಆದರೆ ಕಬ್ಬಿಣದ ಹದವನ್ನು ತಿಳಿಯುವ ಅರಿವು ತೋಪಿಗೂ ಕುಡಕ್ಕೂ ಒಂದೇ. ಅದು ಬರಹದಲ್ಲಿರಲಿಲ್ಲ, ಕೈಯಲ್ಲಿತ್ತು. ಆದ್ದರಿಂದ ಆಯುಧವನ್ನು ಹತೋಟಿಯಲ್ಲಿಡಬಯಸಿದ ಪ್ರಭುತ್ವವು ಕುಲುಮೆಯನ್ನೂ ಆಯುಧ ಹಿಡಿದವನನ್ನೂ ಕಾಯ್ದರೆ ಸಾಕಾಗಿತ್ತು.

1959ರ ಆಯುಧ ಕಾಯಿದೆಯೂ ಇದೇ ನೆಲೆಯದು. ಪರವಾನಗಿಯಿಲ್ಲದೆ ಬಂದೂಕು ತಯಾರಿಸುವುದು, ಯಾವ ವಿಧಾನದಿಂದಾದರೂ, ಅಪರಾಧ. ಗುರುತಿನ ಮುದ್ರೆಯಿಲ್ಲದ ಬಂದೂಕನ್ನು ಮಾರುವಂತಿಲ್ಲ. ಕೇವಲ ಮನೆಬಳಕೆಗೆ, ಬೇಸಾಯಕ್ಕೆಂದೇ ರೂಪಿಸಿದ ವಸ್ತುಗಳನ್ನು ಕಾಯಿದೆ ಹೊರಗಿಟ್ಟಿದೆ.

ಪದರದ ಮೇಲೆ ಪದರವಿಟ್ಟು ವಸ್ತುವನ್ನು ಕಟ್ಟುವ ತ್ರೀಡಿ ಮುದ್ರಣವು ಈ ನೆಲೆಯನ್ನು ಅಲುಗಿಸಿದೆ. 2013ರಲ್ಲಿ ಅಮೆರಿಕದ ಡಿಫೆನ್ಸ್ ಡಿಸ್ಟ್ರಿಬ್ಯೂಟೆಡ್ ಸಂಸ್ಥೆಯು ‘ಲಿಬರೇಟರ್’ ಎಂಬ ಪ್ಲಾಸ್ಟಿಕ್ ಪಿಸ್ತೂಲಿನ ಗಣಕ ನಕ್ಷೆಯನ್ನು ಅಂತರ್ಜಾಲಕ್ಕಿಟ್ಟಿತು. ಸರ್ಕಾರದ ಆದೇಶದಂತೆ ಅದನ್ನು ಹಿಂತೆಗೆಯುವಷ್ಟರಲ್ಲಿ ಅದರ ಪ್ರತಿಗಳು ಲಕ್ಷದಷ್ಟು ಹರಡಿದ್ದವು. 2014ರಲ್ಲಿ ಜಪಾನಿನ ನ್ಯಾಯಾಲಯವೊಂದು ಹೀಗೆ ಮುದ್ರಿಸಿದ ಬಂದೂಕುಗಳನ್ನು ಮಾಡಿದವನಿಗೆ ಎರಡು ವರ್ಷ ಸೆರೆವಾಸ ವಿಧಿಸಿತು. ಕೈಯಲ್ಲಿದ್ದ ಅರಿವು ಇಲ್ಲಿ ಕಡತಕ್ಕೆ ಇಳಿದಿದೆ. ಅದನ್ನು ಪಡೆಯಲು ಗುರುವೂ ಬೇಡ, ವರ್ಷಗಳ ಅಭ್ಯಾಸವೂ ಬೇಡ. ಅಂಥ ಬಂದೂಕಿಗೆ ಗುರುತಿನ ಮುದ್ರೆಯೂ ಇರುವುದಿಲ್ಲ.

ಆಯುಧ ತಯಾರಿಸುವ ಯಂತ್ರವೂ ನಮ್ಮ ಕಾಯಿದೆಯ ವ್ಯಾಪ್ತಿಯಲ್ಲಿದೆ. ಆದರೆ ತ್ರೀಡಿ ಮುದ್ರಕವು ಕುಲುಮೆಯಂತೆಯೇ ನಿಷ್ಪಕ್ಷಪಾತಿ. ಅದು ಕೃತಕ ಕೈಯನ್ನೂ ಮಾಡಬಲ್ಲದು, ಪಿಸ್ತೂಲನ್ನೂ ಮಾಡಬಲ್ಲದು. ಯಂತ್ರವನ್ನೇ ಶಂಕಿಸಿದರೆ ಏನಾಗುವುದೆಂಬುದಕ್ಕೆ ಜನಪದರ ನೆನಪಿನಲ್ಲೇ ಎಚ್ಚರಿಕೆಯಿದೆ. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸಬೇಕೆಂದಾಗ ಹಲಗಲಿಯ ಬೇಡರು ದಂಗೆಯೆದ್ದರು. ಅವರ ಕಥೆ ಲಾವಣಿಯಾಗಿ ಉಳಿಯಿತು. ಬದುಕಿನ ಸಲಕರಣೆಗೂ ಕೊಲೆಯ ಸಲಕರಣೆಗೂ ನಡುವಿನ ಗೆರೆಯನ್ನು ಎಳೆಯುವಾಗ ಕಾಯಿದೆಯು ಉಪಕರಣವನ್ನಷ್ಟೇ ಅಲ್ಲ, ಉದ್ದೇಶವನ್ನೂ ನೋಡಬೇಕು. ಒಕ್ಕಲಿಗನ ಕುಡಗೋಲನ್ನು ಹೊರಗಿಟ್ಟ ವಿವೇಕವೇ ಹೊಸ ಯಂತ್ರಕ್ಕೂ ಮಾದರಿಯಾಗಬಲ್ಲದು.